ಏನೂ ನಡೆಯುವುದಿಲ್ಲ ಅಂದಿರಲ್ಲ, ಅದಕ್ಕೆ ಉತ್ತರ

ನಮಸ್ಕಾರ.

ನಿಮ್ಮ ಓದುಗ ಬಳಗದ ಪತ್ರ ತಲುಪಿತು. ಎರಡು ಸಲ ಓದಿದೆ. ಎಂಟು ಜನ ಸೇರಿ ಎಡಿತ್ ವಾರ್ಟನ್ ಅವರ ‘ದಿ ಏಜ್ ಆಫ್ ಇನ್ನೊಸೆನ್ಸ್’ ಓದಿದ್ದೀರಿ, ಮಾತಾಡಲು ಕೂತರೆ ಜಗಳವೇ ಆಗಿಹೋಗಿದೆ. ಒಬ್ಬರು ‘ಇದರಲ್ಲಿ ಏನೂ ನಡೆಯುವುದೇ ಇಲ್ಲ, ಬರೀ ಊಟ, ಉಡುಪು, ಒಪೆರಾ’ ಅಂದರಂತೆ. ಇನ್ನೊಬ್ಬರು ‘ಹೊಟ್ಟೆ ತುಂಬಿದವರ ಕಷ್ಟ ಕಟ್ಟಿಕೊಂಡು ನಮಗೇನು’ ಅಂದರಂತೆ. ಮೂವರು ನಾಯಕ ಹೇಡಿ ಅಂತ ತೀರ್ಪು ಕೊಟ್ಟರು. ‘ನಾಯಕನ ಹೆಂಡತಿ ಮೇ ಪಾಪದ ಹುಡುಗಿ, ಅವಳಿಗೆ ಏನೂ ಗೊತ್ತೇ ಆಗಲಿಲ್ಲ’ ಅಂತ ನೀವು ಬರೆದಿದ್ದೀರಿ. ಇದನ್ನು ಐತಿಹಾಸಿಕ ಕಾದಂಬರಿ ಅನ್ನಬಹುದಾ ಅಂತಲೂ ಕೇಳಿದ್ದೀರಿ.

ಪುಸ್ತಕ ಓದಿಲ್ಲದವರಿಗಾಗಿ ಕಥೆಯನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. 1870ರ ದಶಕದ ನ್ಯೂಯಾರ್ಕ್. ಹಳೆಯ ಶ್ರೀಮಂತ ಮನೆತನಗಳ ಒಂದು ಸಣ್ಣ ಗುಂಪು. ಯುವ ವಕೀಲ ನ್ಯೂಲ್ಯಾಂಡ್ ಆರ್ಚರ್‌ಗೆ ಮೇ ವೆಲಂಡ್ ಜೊತೆ ಮದುವೆ ಗೊತ್ತಾಗಿದೆ. ಅದೇ ಹೊತ್ತಿಗೆ ಮೇಯ ಸೋದರಸಂಬಂಧಿ ಎಲೆನ್ ಒಲೆನ್ಸ್ಕಾ ಯುರೋಪಿನಲ್ಲಿ ಗಂಡನನ್ನು ಬಿಟ್ಟು ತವರಿಗೆ ಬರುತ್ತಾಳೆ. ಆರ್ಚರ್ ಮನಸ್ಸು ಅವಳ ಕಡೆ ಹೋಗುತ್ತದೆ, ಮದುವೆ ಮಾತ್ರ ಮೇ ಜೊತೆಗೇ ಆಗುತ್ತದೆ, ಬಾಳೂ ಮೇ ಜೊತೆಗೇ ಕಳೆಯುತ್ತದೆ. ಮುಂದೆ ನಾನು ಕೊನೆಯ ಪುಟದವರೆಗೂ ಮಾತಾಡಲಿದ್ದೇನೆ. ಓದಬೇಕು ಅಂತ ಎತ್ತಿಟ್ಟುಕೊಂಡವರು ಇಲ್ಲಿಗೆ ನಿಲ್ಲಿಸಿ, ಓದಿ ಬನ್ನಿ.

ಏನೂ ನಡೆಯುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದೇ ಇಲ್ಲ. ಶುರುವಿನಲ್ಲೇ ಒಂದು ಊಟದ ಕರೆಯೋಲೆ ಬರುತ್ತದೆ, ನೆನಪಿದೆಯಾ? ಎಲೆನ್‌ಳನ್ನು ಪರಿಚಯ ಮಾಡಿಸಲು ಅವಳ ಮನೆಯವರು ಊರಿನ ದೊಡ್ಡವರಿಗೆಲ್ಲ ಚೀಟಿ ಕಳಿಸುತ್ತಾರೆ. 48 ಗಂಟೆಯೊಳಗೆ ಉತ್ತರಗಳು ಬಂದುಬಿಡುತ್ತವೆ. ಬ್ಯಾಂಕ್ ಇಟ್ಟಿರುವ ಬೋಫರ್ಟ್ ಮತ್ತು ಅವನ ಹೆಂಡತಿ, ಮುದುಕ ಜ್ಯಾಕ್ಸನ್ ಮತ್ತು ಅವನ ತಂಗಿ ಬಿಟ್ಟರೆ ಯಾರೂ ಬರುವುದಿಲ್ಲ. ಆ ಉತ್ತರಗಳನ್ನು ಹತ್ತಿರದಿಂದ ನೋಡಿ. ಒಂದರಲ್ಲೂ ಬಿರುಸು ಮಾತಿಲ್ಲ. ಬರಲಾಗದ್ದಕ್ಕೆ ವಿಷಾದವೂ ಇದೆ. ಇಲ್ಲದಿರುವುದು ಒಂದೇ, ‘ಅವತ್ತು ಬೇರೆ ಕಡೆ ಒಪ್ಪಿಕೊಂಡಿದ್ದೇವೆ’ ಅನ್ನುವ ವಾಡಿಕೆಯ ನೆಪ. ಆ ಒಂದು ಸಾಲು ಇದ್ದಿದ್ದರೆ ಎಲ್ಲರ ಮರ್ಯಾದೆಯೂ ಉಳಿಯುತ್ತಿತ್ತು. ಬೇಕಂತಲೇ ಬಿಟ್ಟಿದ್ದಾರೆ, ಎಲ್ಲರೂ ಒಂದೇ ರೀತಿ ಬಿಟ್ಟಿದ್ದಾರೆ. ಒಬ್ಬ ಹೆಂಗಸನ್ನು ಊರಿಂದ ಹೊರಗಿಡಲು ಅವರಿಗೆ ಬೇಕಾಗಿದ್ದು ಅಷ್ಟೇ. ಆಮೇಲೆ ಆರ್ಚರ್ ತಾಯಿಯನ್ನು ಕರೆದುಕೊಂಡು ಎಲ್ಲರಿಗಿಂತ ಮೇಲಿರುವ ವ್ಯಾನ್ ಡರ್ ಲೈಡನ್ ದಂಪತಿಯ ಹತ್ತಿರ ಹೋಗಿ ದೂರು ಹೇಳಿಕೊಳ್ಳುತ್ತಾನೆ, ಅವರು ತಮ್ಮ ಮನೆಯ ಊಟಕ್ಕೆ ಎಲೆನ್‌ಳನ್ನು ಕರೆಯುತ್ತಾರೆ, ಒಂದು ಚೀಟಿಯಿಂದ ಬಿದ್ದ ಮಾನ ಇನ್ನೊಂದು ಚೀಟಿಯಿಂದ ಎದ್ದು ನಿಲ್ಲುತ್ತದೆ. ಇಷ್ಟಾದರೂ ಯಾರೂ ದನಿ ಎತ್ತಿಲ್ಲ. ಈ ಜನ ಬೈಯುವುದಿಲ್ಲ, ಹೊಡೆಯುವುದಿಲ್ಲ. ಊಟಕ್ಕೆ ಕರೆಯುತ್ತಾರೆ, ಇಲ್ಲ ಕರೆಯುವುದಿಲ್ಲ. ನಿಮ್ಮ ಬಳಗದವರು ‘ಬರೀ ಊಟ’ ಅಂದಿದ್ದು ಅದನ್ನೇ.

ಐತಿಹಾಸಿಕವಾ ಅನ್ನುವ ಪ್ರಶ್ನೆಗೆ ಬರುತ್ತೇನೆ. ವಾರ್ಟನ್ ಹುಟ್ಟಿದ್ದು 1862ರಲ್ಲಿ, ಇಂಥದ್ದೇ ಒಂದು ಮನೆತನದಲ್ಲಿ. ಚಿಕ್ಕಂದಿನಲ್ಲಿ ಕೆಲವು ವರ್ಷ ಯುರೋಪಿನಲ್ಲಿದ್ದು 1872ರಲ್ಲಿ ನ್ಯೂಯಾರ್ಕ್‌ಗೆ ವಾಪಸ್ ಬಂದಾಗ ಅವರಿಗೆ ಹತ್ತು ವರ್ಷ. ಕಾದಂಬರಿ ಬಂದಿದ್ದು 1920ರಲ್ಲಿ, ಅಂದರೆ ಸುಮಾರು 50 ವರ್ಷದ ಅಂತರ. ನಡುವೆ ಮೊದಲ ಮಹಾಯುದ್ಧ. ಅಷ್ಟು ಹೊತ್ತಿಗೆ ಅವರು ಫ್ರಾನ್ಸ್‌ನಲ್ಲಿ ನೆಲೆಸಿದ್ದರು, ಯುದ್ಧದಲ್ಲಿ ಮನೆ ಕಳೆದುಕೊಂಡವರಿಗಾಗಿ ದುಡಿದಿದ್ದರು. ಹತ್ತು ವರ್ಷದ ಹುಡುಗಿ ಕಂಡ ಲೋಕವನ್ನು 58ರ ಹೆಂಗಸು ಕೂತು ಮತ್ತೆ ಕಟ್ಟಿದ್ದಾರೆ. ಕೊನೆಯ ಅಧ್ಯಾಯದಲ್ಲಿ ಆರ್ಚರ್‌ಗೆ 57 ವರ್ಷ, ಗಮನಿಸಿದಿರಾ? ಹಾಗಾಗಿ ನನ್ನ ಮಟ್ಟಿಗೆ ಇದು ಐತಿಹಾಸಿಕ ಕಾದಂಬರಿಯೇ.

ಮೊದಲ ಪುಟದ ಒಪೆರಾವನ್ನೇ ತೆಗೆದುಕೊಳ್ಳಿ. ಜಾಗ ಅಕಾಡೆಮಿ ಆಫ್ ಮ್ಯೂಸಿಕ್, 1854ರಲ್ಲಿ ಶುರುವಾದದ್ದು. ಅಲ್ಲಿ ಬಾಕ್ಸ್‌ಗಳು, ಅಂದರೆ ಒಂದೊಂದು ಮನೆಯವರು ಬೇರೆಯಾಗಿ ಕೂರುವ ಗೂಡುಗಳು, ಕಡಿಮೆ, ಇದ್ದವೆಲ್ಲ ಹಳೆಯ ಮನೆತನಗಳ ಕೈಯಲ್ಲಿದ್ದವು. ಕಟ್ಟಡ ಚಿಕ್ಕದು, ಅನುಕೂಲವಿಲ್ಲದ್ದು, ಹೊಸ ದುಡ್ಡಿನವರು ಒಳಗೆ ಬರಲಾಗುವುದಿಲ್ಲ, ಅದಕ್ಕೇ ಇವರಿಗೆ ಅದು ಇಷ್ಟ. ಹೊಸ ದುಡ್ಡಿನವರು ಏನು ಮಾಡಿದರು? ತಮ್ಮದೇ ಒಂದನ್ನು ಕಟ್ಟಿಸಿಕೊಂಡರು. ಅದೇ ಮೆಟ್ರೊಪಾಲಿಟನ್ ಒಪೆರಾ. 1883ರ ಅಕ್ಟೋಬರ್ 22ರಂದು ಅದು ಬಾಗಿಲು ತೆರೆದಾಗ ನಡೆದ ಒಪೆರಾ ‘ಫೌಸ್ಟ್’, ನಾಯಕಿಯಾಗಿ ಹಾಡಿದವರು ಕ್ರಿಸ್ಟಿನ್ ನಿಲ್ಸನ್. ವಾರ್ಟನ್ ಕಾದಂಬರಿ ಶುರುವಾಗುವುದೂ ನಿಲ್ಸನ್ ಹಾಡುವ ‘ಫೌಸ್ಟ್’ನಿಂದಲೇ, ಆದರೆ ಹತ್ತು ವರ್ಷ ಹಿಂದೆ, ಹಳೆಯ ಕಟ್ಟಡದಲ್ಲಿ! ಮೆಟ್ರೊಪಾಲಿಟನ್ ಬಂದ ಮೂರೇ ವರ್ಷಕ್ಕೆ, 1886ರಲ್ಲಿ, ಅಕಾಡೆಮಿಯ ಒಪೆರಾ ನಿಂತುಹೋಯಿತು. ಇದು ಗೊತ್ತಿದ್ದು ಮೊದಲ ಪುಟ ಓದಿದರೆ ಆ ಬಾಕ್ಸ್‌ಗಳಲ್ಲಿ ನೆಟ್ಟಗೆ ಕೂತವರೆಲ್ಲ ಇನ್ನು ಸ್ವಲ್ಪ ದಿನದ ಅತಿಥಿಗಳು ಅನ್ನಿಸುತ್ತದೆ.

ಅಷ್ಟು ಜಾಗರೂಕತೆಯ ಲೇಖಕಿಯ ಕೈಯಲ್ಲೂ ಒಂದು ತಪ್ಪು ನುಸುಳಿತ್ತು. ಮೊದಲ ಮುದ್ರಣದಲ್ಲಿ ಆರ್ಚರ್ ಮದುವೆಯ ದೃಶ್ಯದಲ್ಲಿ ಪಾದ್ರಿ ಹೇಳುವ ಮಾತು ಮದುವೆಯ ವಿಧಿಯದ್ದಲ್ಲ, ಶವಸಂಸ್ಕಾರದ ವಿಧಿಯದ್ದು. ಆಮೇಲೆ ತಿದ್ದಿದರು. ಆ ಮದುವೆಯ ಬಗ್ಗೆ ಯೋಚಿಸುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಉಡುಪಿನ ಬಗ್ಗೆ ಒಂದೇ ಮಾತು. ಪ್ಯಾರಿಸ್‌ನಿಂದ ತರಿಸಿದ ಗೌನುಗಳನ್ನು ಎರಡು ವರ್ಷ ಎತ್ತಿಟ್ಟು ಆಮೇಲೆ ಉಡುವುದು ಮರ್ಯಾದಸ್ಥರ ಕ್ರಮ ಅಂತ ಅಲ್ಲೊಬ್ಬ ಹೆಂಗಸು ಹೇಳುತ್ತಾಳೆ. ಹಾಗೆ ಎತ್ತಿಟ್ಟ ಒಬ್ಬ ಮುದುಕಿ ಸತ್ತ ಮೇಲೆ ಟಿಶ್ಯೂ ಪೇಪರ್‌ನಿಂದ ಹೊರಗೇ ಬಾರದ 48 ಗೌನು ಸಿಕ್ಕವಂತೆ. ಇದನ್ನು ಓದಿ ನೀವೆಲ್ಲ ನಕ್ಕಿದ್ದೀರಿ. ನಾನೂ ನಕ್ಕಿದ್ದೆ. ಆರ್ಚರ್ ಬಾಳು ಮುಗಿಯುವ ಹೊತ್ತಿಗೆ ಆ 48 ಗೌನು ಮತ್ತೆ ಕಣ್ಣ ಮುಂದೆ ಬಂದವು.

ಆರ್ಚರ್ ಹೇಡಿ ಅನ್ನುವುದನ್ನು ಅರ್ಧ ಒಪ್ಪುತ್ತೇನೆ. ಆದರೆ ಹೇಡಿ ಅಂದುಬಿಟ್ಟರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ, ಅವನು ಮಾಡಿದ್ದೇನು ಅಂತ ನೋಡುವುದೇ ಇಲ್ಲ. ಹೂವಿನ ಅಂಗಡಿಯಲ್ಲಿ ಅವನು ಎಲೆನ್‌ಗೆ ಹಳದಿ ಗುಲಾಬಿ ಕಳಿಸುತ್ತಾನೆ. ಲಕೋಟೆಗೆ ತನ್ನ ಹೆಸರಿನ ಕಾರ್ಡು ಹಾಕುತ್ತಾನೆ, ಮತ್ತೆ ತೆಗೆದುಬಿಡುತ್ತಾನೆ, ಖಾಲಿ ಲಕೋಟೆ ಹೂವಿನ ಜೊತೆ ಹೋಗುತ್ತದೆ. ಆಸೆಯೂ ಇದೆ, ಹೆಸರು ಹಾಕುವ ಧೈರ್ಯ ಇಲ್ಲ. ಇದಕ್ಕಿಂತ ದೊಡ್ಡದು ವಿಚ್ಛೇದನದ ವಿಷಯ. ಎಲೆನ್‌ಗೆ ಬಿಡುಗಡೆ ಬೇಕು. ಮನೆಯವರಿಗೆ ಹೆಸರು ಕೆಡುವ ಭಯ. ಅವಳಿಗೆ ಬುದ್ಧಿ ಹೇಳುವ ಕೆಲಸ ಆರ್ಚರ್ ಪಾಲಿಗೆ ಬರುತ್ತದೆ, ಅವನು ವಕೀಲನ ಹಾಗೆ ನೀಟಾಗಿ ಹೇಳಿ ಒಪ್ಪಿಸುತ್ತಾನೆ. ಅವಳು ಒಪ್ಪುವುದು ಅವನ ಮಾತಿಗೆ ಬೆಲೆ ಕೊಟ್ಟು. ಮುಂದೆ ಅವನೇ ಅವಳಿಗಾಗಿ ಹಂಬಲಿಸುವಾಗ ಆ ಬಾಗಿಲಿಗೆ ಬೀಗ ಹಾಕಿದವನೂ ಅವನೇ ಆಗಿರುತ್ತಾನೆ. ತಾನು ಉಳಿದವರಿಗಿಂತ ಮೇಲು, ಜಾಸ್ತಿ ಓದಿದವನು, ಮುಕ್ತ ಮನಸ್ಸಿನವನು ಅಂತ ಅವನ ನಂಬಿಕೆ. ಸಮಯ ಬಂದಾಗ ಅವನ ಬಾಯಿಂದ ಹೊರಡುವುದು ಊರಿನ ಮಾತೇ. ವಾರ್ಟನ್ 1885ರಲ್ಲಿ ಮದುವೆಯಾಗಿ 1913ರಲ್ಲಿ ಸ್ವತಃ ವಿಚ್ಛೇದನ ಪಡೆದವರು. ಎಲೆನ್ ಎದುರು ಕೂತವರು ಎಂಥೆಂಥ ಮಾತು ಆಡುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ, ಅಲ್ವಾ?

‘ಹೊಟ್ಟೆ ತುಂಬಿದವರ ಕಷ್ಟ’ ಅಂದವರಿಗೆ ಒಂದು ವಿಷಯದಲ್ಲಿ ನನ್ನ ಪೂರ್ತಿ ಬೆಂಬಲ ಇದೆ. ಅಷ್ಟು ಊಟ ಬಡಿಸಿದವರು, ಅಷ್ಟು ಬಾಗಿಲು ತೆರೆದವರು, ಅವರ ಮುಖ ಈ ಪುಸ್ತಕದಲ್ಲಿ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಆ ಲೋಕ ಅವರನ್ನು ನೋಡುತ್ತಿರಲಿಲ್ಲ, ಸರಿ. ಲೇಖಕಿ ನೋಡಬಹುದಿತ್ತು. ಇದು ಕೊರತೆಯೇ. ಆದರೆ ವಾರ್ಟನ್ ಆ ಶ್ರೀಮಂತರ ಮೇಲೆ ಮರುಕ ಹುಟ್ಟಿಸಲು ಬರೆದಿಲ್ಲ. ಬೋಫರ್ಟ್ ಕಥೆ ನೋಡಿ. ಅವನ ಹೆಣ್ಣಿನ ಖಯಾಲಿ ಎಲ್ಲರಿಗೂ ಗೊತ್ತು, ಆದರೂ ಅವನ ಮನೆಯ ಡ್ಯಾನ್ಸ್‌ಗೆ ಎಲ್ಲರೂ ಹೋಗುತ್ತಾರೆ. ಅವನ ಬ್ಯಾಂಕ್ ಮುಳುಗಿದ ದಿನ ಬಾಗಿಲುಗಳೆಲ್ಲ ಮುಚ್ಚುತ್ತವೆ. ಅದು ನಿಜವಾಗಿಯೂ ಬ್ಯಾಂಕ್‌ಗಳು ಮುಳುಗಿದ ಕಾಲ, 1873ರ ಸೆಪ್ಟೆಂಬರ್‌ನಲ್ಲಿ ಜೇ ಕುಕ್ ಬ್ಯಾಂಕಿಂಗ್ ಕಂಪನಿ ಬಿದ್ದು ಅಮೆರಿಕವೇ ನಡುಗಿತ್ತು. ಹೆಂಡತಿಗೆ ಮೋಸ ಮಾಡಿದರೆ ನಡೆಯುತ್ತದೆ, ಲೆಕ್ಕದಲ್ಲಿ ಮೋಸ ಮಾಡಿದರೆ ನಡೆಯುವುದಿಲ್ಲ. ಆಗ ಬೋಫರ್ಟ್ ಹೆಂಡತಿಯನ್ನು ನೋಡಲು ಹೋದವಳು ಎಲೆನ್. ಅವಳ ಅಜ್ಜಿಯ ಗಾಡಿ ಆ ಮನೆಯ ಬಾಗಿಲಲ್ಲಿ ನಿಂತಿದ್ದನ್ನು ಊರು ನೋಡಿತು. ಕಷ್ಟದಲ್ಲಿದ್ದವಳನ್ನು ಮಾತಾಡಿಸಿದ್ದೂ ಅವಳ ತಪ್ಪುಗಳ ಪಟ್ಟಿಗೆ ಸೇರಿತು.

ಈಗ ಮೇ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವು ತಂದ ಮಾತು ‘ಅವಳಿಗೆ ಏನೂ ಗೊತ್ತೇ ಆಗಲಿಲ್ಲ’ ಅನ್ನುವುದು. ನಾನೂ ಮೊದಲ ಓದಿನಲ್ಲಿ ಹಾಗೇ ಅಂದುಕೊಂಡಿದ್ದೆ, ಯಾಕೆಂದರೆ ನಾವು ಆ ಮನೆಯನ್ನು ಆರ್ಚರ್ ಕಣ್ಣಿಂದಲೇ ನೋಡುತ್ತೇವೆ, ಅವನ ಕಣ್ಣಿಗೆ ಮೇ ಅಂದರೆ ಬಿಳಿ ಹೂವು, ಬಿಲ್ಲು ಬಾಣದ ಆಟ, ನಗು, ಅಷ್ಟೇ. ಎರಡನೇ ಸಲ ಓದುವಾಗ ಅವನು ಹೇಳುವುದನ್ನು ಬದಿಗಿಟ್ಟು ಅವಳು ಮಾಡುವುದನ್ನು ಮಾತ್ರ ನೋಡಿದೆ. ಪುಸ್ತಕವೇ ಬೇರೆಯಾಯಿತು.

ಮದುವೆಯಾದ ಮೇಲೆ ಅವರು ಮತ್ತೆ ಒಪೆರಾಕ್ಕೆ ಹೋದ ರಾತ್ರಿ ನೆನಪಿಸಿಕೊಳ್ಳಿ. ಮೇ ಉಟ್ಟಿರುವುದು ಮದುವೆಯ ಗೌನು. ಮನೆಗೆ ಬಂದು ಗಾಡಿ ಇಳಿಯುವಾಗ ಅದರ ಅಂಚು ಹರಿಯುತ್ತದೆ, ಕೆಸರಾಗುತ್ತದೆ. ಓದುವ ಕೋಣೆಯಲ್ಲಿ ಆರ್ಚರ್ ಎಲ್ಲವನ್ನೂ ಹೇಳಿಬಿಡಬೇಕು ಅಂತ ಬಾಯಿ ತೆರೆಯುತ್ತಾನೆ, ಎಲೆನ್ ಹೆಸರು ಬರುತ್ತಿದ್ದ ಹಾಗೇ ಮೇ ಮೆಲ್ಲಗೆ ಮಾತು ತಡೆಯುತ್ತಾಳೆ. ಅದೆಲ್ಲ ಮುಗಿದುಹೋಯಿತಲ್ಲ, ಎಲೆನ್ ಯುರೋಪಿಗೆ ವಾಪಸ್ ಹೋಗುತ್ತಿದ್ದಾಳೆ ಅಂತ ಹೇಳಿ ಅವಳ ಚೀಟಿ ಕೈಗೆ ಕೊಡುತ್ತಾಳೆ. ಆಮೇಲೆ ಹರಿದ, ಕೆಸರಾದ ಆ ಮದುವೆ ಗೌನನ್ನು ಎಳೆದುಕೊಂಡು ಕೋಣೆ ದಾಟಿ ಹೋಗುತ್ತಾಳೆ. ಏನೂ ಗೊತ್ತಿಲ್ಲದವಳು ಹೀಗೆ ನಡೆದುಕೊಳ್ಳುತ್ತಾಳಾ?

ಆಮೇಲಿನದು ಎಲೆನ್‌ಗೆ ಕೊಟ್ಟ ಬೀಳ್ಕೊಡುಗೆ ಊಟ. ಮದುವೆಯಾದ ಮೇಲೆ ಮೇ ಏರ್ಪಡಿಸಿದ ಮೊದಲ ದೊಡ್ಡ ಊಟ ಅದು. ಎಲೆನ್ ಆರ್ಚರ್ ಬಲಗಡೆ ಕೂತಿದ್ದಾಳೆ. ಎಲ್ಲರೂ ನಗುನಗುತ್ತಾ ಅವಳನ್ನು ಉಪಚರಿಸುತ್ತಾರೆ. ಊಟದ ಮಧ್ಯೆ ಆರ್ಚರ್‌ಗೆ ಹೊಳೆಯುತ್ತದೆ, ಇಲ್ಲಿ ಕೂತಿರುವ ಎಲ್ಲರೂ ತಮ್ಮಿಬ್ಬರನ್ನು ಪ್ರೇಮಿಗಳು ಅಂತಲೇ ನಂಬಿದ್ದಾರೆ, ತಿಂಗಳುಗಟ್ಟಲೆ ನೋಡುತ್ತಿದ್ದಾರೆ, ಇವತ್ತು ಸೇರಿರುವುದು ಅವಳನ್ನು ಕಳಿಸಿಕೊಡಲಿಕ್ಕೆ. ಊಟ ಮುಗಿದು ಎಲ್ಲರೂ ಹೋದ ಮೇಲೆ ಅವನು ಇಂಡಿಯಾ, ಜಪಾನ್ ಅಂತ ದೂರದ ಪ್ರಯಾಣದ ಮಾತೆತ್ತುತ್ತಾನೆ. ಆಗ ಮೇ ತಾನು ಬಸುರಿ ಅಂತ ಹೇಳುತ್ತಾಳೆ. ಎಲೆನ್‌ಗೆ ಎರಡು ವಾರ ಮೊದಲೇ ಹೇಳಿದ್ದಳಂತೆ. ಆಗ ಖಚಿತವಿತ್ತಾ? ಇರಲಿಲ್ಲ, ಆದರೂ ಹೇಳಿದೆ, ನಿಜವೇ ಆಯಿತಲ್ಲ, ಅನ್ನುತ್ತಾಳೆ. ಅವಳ ಕಣ್ಣು ಒದ್ದೆಯಾಗಿದೆ, ಅದರಲ್ಲಿ ಗೆಲುವೂ ಇದೆ. ನನಗೆ ಅವಳನ್ನು ಕೆಟ್ಟವಳು ಅನ್ನಲು ಮನಸ್ಸು ಬರುವುದಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಕಲಿಸಿದ್ದೇ ಏನೂ ಗೊತ್ತಿಲ್ಲದವಳ ಹಾಗೆ ಇರುವುದನ್ನು. ಕೈಯಲ್ಲಿದ್ದ ಅದೊಂದೇ ಆಯುಧದಿಂದ ತನ್ನ ಮನೆ ಉಳಿಸಿಕೊಂಡಳು.

ಈ ಪುಸ್ತಕಕ್ಕೆ 1921ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು. ಕಾದಂಬರಿಗೆ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ವಾರ್ಟನ್. ತೀರ್ಪುಗಾರರು ಆರಿಸಿದ್ದು ಬೇರೆ ಕಾದಂಬರಿಯನ್ನು, ಮೇಲಿನವರು ಬದಲಿಸಿ ಇದಕ್ಕೆ ಕೊಟ್ಟರು. ಅಮೆರಿಕದ ಬದುಕಿನ ಒಳ್ಳೆಯತನವನ್ನು ತೋರಿಸಬೇಕು ಅನ್ನುವುದು ಆಗಿನ ಷರತ್ತು. 33ನೇ ಅಧ್ಯಾಯದ ಆ ಬೀಳ್ಕೊಡುಗೆ ಊಟವನ್ನು ಅವರು ಹೇಗೆ ಓದಿದರೋ!

26 ವರ್ಷ ಕಳೆದ ಮೇಲೆ ಮಗ ಡಲ್ಲಸ್ ಜೊತೆ ಆರ್ಚರ್ ಪ್ಯಾರಿಸ್‌ಗೆ ಹೋಗುತ್ತಾನೆ. ಮೇ ತೀರಿಕೊಂಡಿದ್ದಾಳೆ. ಮಗ ಮದುವೆಯಾಗಲಿರುವ ಹುಡುಗಿ ಆ ಬೋಫರ್ಟ್ ಮಗಳೇ, ಯಾರಿಗೂ ಅದು ದೊಡ್ಡ ವಿಷಯವಲ್ಲ. ಸಾಯುವ ಹಿಂದಿನ ದಿನ ಅಮ್ಮ ನನಗೆ ಒಂದು ಮಾತು ಹೇಳಿದಳು ಅಂತ ಮಗ ಅನ್ನುತ್ತಾನೆ. ಒಮ್ಮೆ ಅವಳು ಕೇಳಿದಾಗ ಆರ್ಚರ್ ತನಗೆ ಎಲ್ಲಕ್ಕಿಂತ ಬೇಕಾಗಿದ್ದನ್ನು ಬಿಟ್ಟುಕೊಟ್ಟ ಅನ್ನುವ ಮಾತು ಅದು. ಅವಳು ನನ್ನನ್ನು ಕೇಳಲೇ ಇಲ್ಲ, ಅನ್ನುತ್ತಾನೆ ಆರ್ಚರ್. ಇಷ್ಟು ವರ್ಷ ಯಾರೋ ಒಬ್ಬರು ತನ್ನ ಮನಸ್ಸನ್ನು ಅರಿತು ಮರುಗಿದ್ದರು, ಅದು ತನ್ನ ಹೆಂಡತಿಯೇ, ಅಂತ ಅವನಿಗೆ ಅವತ್ತು ತಿಳಿಯುತ್ತದೆ. ಆಮೇಲೆ ಅವನು ಎಲೆನ್ ಮನೆಯ ಕೆಳಗೆ ಬೆಂಚಿನ ಮೇಲೆ ಕೂತು, ಮಗನನ್ನು ಮಾತ್ರ ಮೇಲೆ ಕಳಿಸಿ, ಕಿಟಕಿ ಮುಚ್ಚುವವರೆಗೂ ನೋಡಿ, ಒಬ್ಬನೇ ಎದ್ದು ಹೋಟೆಲಿಗೆ ಹೋಗುತ್ತಾನೆ. ಇದೂ ಹೇಡಿತನವೇ ಅಂತ ನಿಮ್ಮವರು ಅಂದರು. ನನಗೆ ಹಾಗೆ ಕಾಣುವುದಿಲ್ಲ. ಮೇ ಕಾಪಾಡಿಕೊಂಡಿದ್ದನ್ನು ಅವನೂ ಒಂದು ಸಲ ಕಾಪಾಡಿದ ಅನ್ನಿಸುತ್ತದೆ.

ನಿಮ್ಮ ಮುಂದಿನ ಭೇಟಿಗೆ ಹೊಸ ಪುಸ್ತಕ ಬೇಡ. 32 ಮತ್ತು 33ನೇ ಅಧ್ಯಾಯ ಮಾತ್ರ ತೆಗೆದುಕೊಂಡು ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಇಷ್ಟವಾಯಿತಾ ಇಲ್ಲವಾ ಅಂತ ಕೇಳಬೇಡಿ. ಈ ಕ್ಷಣದಲ್ಲಿ ಮೇಗೆ ಎಷ್ಟು ಗೊತ್ತು, ಅವಳಿಗೆ ಗೊತ್ತು ಅಂತ ಎಲೆನ್‌ಗೆ ಎಷ್ಟು ಗೊತ್ತು ಅಂತ ಪ್ರತಿ ಪುಟದಲ್ಲೂ ನಿಲ್ಲಿಸಿ ಕೇಳಿಕೊಳ್ಳಿ. ಆಮೇಲೂ ಮೇ ಪಾಪದ ಹುಡುಗಿ ಅಂತಲೇ ಅನ್ನಿಸಿದರೆ, ಯಾವ ಸಾಲಿನಿಂದ ಹಾಗನ್ನಿಸಿತು ಅಂತ ನನಗೆ ಬರೆಯಿರಿ.

– ಸಂಪಾದಕ