ಏಮ್ಸ್ ತರಲಾಗದ ಸಂಸದರಿಂದ ಏನು ಪ್ರಯೋಜನ?

ಲಿಂಗಸೂಗೂರಿನ ಓದುಗರೊಬ್ಬರು ಸಿಟ್ಟಿನಿಂದಲೇ ಬರೆದಿದ್ದಾರೆ. ಪತ್ರ ಉದ್ದವಿದೆ, ಸಾರ ಇಷ್ಟು: ‘ರಾಯಚೂರಿಗೆ ಏಮ್ಸ್ (ಕೇಂದ್ರದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ) ಬೇಕೆಂದು ಜನ 2022ರಿಂದ ಧರಣಿ ಕೂತಿದ್ದಾರೆ. ನಾವು ಗೆಲ್ಲಿಸಿದವರು ಲೋಕಸಭೆಯಲ್ಲಿ ಎದ್ದು ಮಾತಾಡಿದ ವಿಡಿಯೊ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಒಂದೆರಡು ನಿಮಿಷ, ಮುಗಿಯಿತು. ಮಂತ್ರಿಗಳು ತಲೆ ಎತ್ತಿಯೂ ನೋಡುವುದಿಲ್ಲ. ವಿರೋಧ ಪಕ್ಷದವರನ್ನು ದಿಲ್ಲಿಗೆ ಕಳಿಸಿ ಐದು ವರ್ಷ ಕಳೆದುಕೊಂಡೆವೇ? ಆಳುವ ಪಕ್ಷದವರನ್ನೇ ಆರಿಸಿದ್ದರೆ ಕೆಲಸವಾದರೂ ಆಗುತ್ತಿತ್ತಲ್ಲ. ಕನ್ನಡದಲ್ಲಿ ಮಾತಾಡಿದರೆ ಅಲ್ಲಿ ಯಾರ ಕಿವಿಗೆ ಬೀಳುತ್ತದೆ? ಪ್ರಜಾಪ್ರಭುತ್ವದ ಭಾಷಣ ಬೇಡ, ನೇರ ಉತ್ತರ ಕೊಡಿ.’

ನೇರವಾಗಿಯೇ ಶುರು ಮಾಡೋಣ. ಆಳುವ ಪಕ್ಷದವರನ್ನು ಆರಿಸಿ ನೋಡುವ ಪ್ರಯೋಗವನ್ನು ನಿಮ್ಮ ಕ್ಷೇತ್ರ ಆಗಲೇ ಮಾಡಿದೆ. 2019ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 25 ಬಿಜೆಪಿಗೆ ಹೋದವು, ರಾಯಚೂರೂ ಅದರಲ್ಲಿ ಒಂದು. ಕೇಂದ್ರದಲ್ಲಿ ಅದೇ ಪಕ್ಷ. ಅದೇ ವರ್ಷದ ಜುಲೈನಿಂದ 2023ರ ಮೇವರೆಗೆ ಬೆಂಗಳೂರಿನಲ್ಲೂ ಅದೇ ಪಕ್ಷ. ಏಮ್ಸ್ ಬರಲಿಲ್ಲ. ನಿಮ್ಮೂರಿನ ಜನ ಧರಣಿ ಕೂತದ್ದೂ ಆ ಅವಧಿಯಲ್ಲೇ.

ಹಾಗೆಂದು ನಿಮ್ಮ ಅನುಮಾನ ಪೂರ್ತಿ ಸುಳ್ಳೆಂದು ನಾನು ವಾದಿಸುವುದಿಲ್ಲ. ಐಐಟಿಗೆ ಜಾಗ ಹುಡುಕುವಾಗ ರಾಯಚೂರಿನ ಹೆಸರೂ ಪಟ್ಟಿಯಲ್ಲಿತ್ತು, 2016ರಲ್ಲಿ ಅದು ಶುರುವಾದದ್ದು ಧಾರವಾಡದಲ್ಲಿ. ಧಾರವಾಡದ ಸಂಸದರು ಆಗ ಕೇಂದ್ರದ ಆಳುವ ಪಕ್ಷದವರು. ಅದೇ ಕಾರಣಕ್ಕೆ ಹೋಯಿತೆಂದು ಸಾಬೀತು ಮಾಡುವುದು ಕಷ್ಟ. ಆದರೆ ಅಧಿಕಾರಕ್ಕೆ ಹತ್ತಿರವಿದ್ದವರ ಮಾತು ಬೇಗ ಕೇಳಿಸುತ್ತದೆ ಎಂಬುದನ್ನು ಅಲ್ಲಗಳೆಯುವಷ್ಟು ಅಮಾಯಕರು ನಾವು ಯಾರೂ ಅಲ್ಲ. ರಾಯಚೂರಿಗೆ 2019ರಲ್ಲಿ ಐಐಐಟಿ (ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಸಿಕ್ಕಿತು. ಒಂದು ‘ಐ’ ಹೆಚ್ಚು ಕೊಟ್ಟು ಸಮಾಧಾನ ಮಾಡಿದರು ಎಂದು ಆಗ ನಗೆಯಾಡಿದವರೂ ಇದ್ದರು.

ಈಗ ಆ ವಿಡಿಯೊ ವಿಚಾರ. ನೀವು ನೋಡಿದ್ದು ಬಹುಶಃ ಶೂನ್ಯವೇಳೆಯದ್ದು. ಮಧ್ಯಾಹ್ನ ಹನ್ನೆರಡಕ್ಕೆ ಪ್ರಶ್ನೋತ್ತರ ಮುಗಿದ ಮೇಲೆ ಬರುವ ಈ ಅವಧಿಯ ಹೆಸರು ಸದನದ ನಿಯಮಾವಳಿಯಲ್ಲೇ ಇಲ್ಲ, ರೂಢಿಯಿಂದ ಬಂದದ್ದು. ಆ ದಿನ ಬೆಳಿಗ್ಗೆ ಹತ್ತರೊಳಗೆ ಚೀಟಿ ಕೊಟ್ಟು, ಲಾಟರಿಯಲ್ಲಿ ಹೆಸರು ಬಂದರೆ ಮಾತಾಡಬಹುದು. ಮಂತ್ರಿ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಹಾಗಾಗಿ ಅವರು ತಲೆ ಎತ್ತಿ ನೋಡಲಿಲ್ಲ ಎಂಬ ನಿಮ್ಮ ದೂರು ಸರಿ, ಆದರೆ ನಿಯಮ ಮೀರಿದ್ದೇನೂ ಅಲ್ಲ. ಊರಿಗೆ ಕಳಿಸಲು ವಿಡಿಯೊ ಬೇಕಾದ ಸಂಸದರಿಗೆ ಶೂನ್ಯವೇಳೆಯಷ್ಟು ಸಲೀಸಾದದ್ದು ಬೇರೊಂದಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಎಲ್ಲ ಪಕ್ಷದವರೂ ಈ ಚಟಕ್ಕೆ ಬಿದ್ದಿದ್ದಾರೆ.

ಲೋಕಸಭೆಯ ನಿಯಮಾವಳಿಯಲ್ಲಿ 377ನೇ ನಿಯಮ ಎಂದೊಂದಿದೆ. 250 ಪದ ಮೀರದಂತೆ ಬರೆದುಕೊಟ್ಟ ವಿಷಯಕ್ಕೆ ಸಂಬಂಧಪಟ್ಟ ಇಲಾಖೆಯಿಂದ ತಿಂಗಳೊಳಗೆ ಲಿಖಿತ ಉತ್ತರ ಬರಬೇಕೆಂಬ ನಿರೀಕ್ಷೆ ಇದೆ. ವಿಡಿಯೊದಲ್ಲಿ ಇದಕ್ಕೆ ಅಂಥ ಕಳೆ ಬರುವುದಿಲ್ಲ, ಕಾಗದ ಮಾತ್ರ ಕೈಗೆ ಸಿಗುತ್ತದೆ.

ನಿಜವಾದ ಹತ್ಯಾರವೆಂದರೆ ಬೆಳಿಗ್ಗೆ ಹನ್ನೊಂದರ ಪ್ರಶ್ನೋತ್ತರ. ಕನಿಷ್ಠ 15 ದಿನ ಮೊದಲೇ ಪ್ರಶ್ನೆ ಕೊಡಬೇಕು. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು, ಆಮೇಲೆ ಉಪಪ್ರಶ್ನೆ ಕೇಳಬಹುದು. ಉಳಿದದ್ದಕ್ಕೆ ಬರಹದ ಉತ್ತರ. ಆ ಬರಹದಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸುಲಭವಲ್ಲ, ಹಕ್ಕುಚ್ಯುತಿಯ ಭಯವಿರುತ್ತದೆ. ಇಲ್ಲಿ ವಿರೋಧ ಪಕ್ಷದ ಸಂಸದರಿಗೆ ಒಂದು ಅನುಕೂಲವೂ ಉಂಟು. ಆಳುವ ಪಕ್ಷದವರು ತಮ್ಮದೇ ಮಂತ್ರಿಯನ್ನು ಮುಜುಗರಕ್ಕೆ ಸಿಕ್ಕಿಸುವ ಉಪಪ್ರಶ್ನೆ ಕೇಳುವುದು ಅಪರೂಪ. ಇವರಿಗೆ ಆ ದಾಕ್ಷಿಣ್ಯ ಬೇಕಿಲ್ಲ.

ಆದರೆ ಪ್ರಶ್ನೆಯನ್ನು ಕಟ್ಟುವ ಜಾಣತನ ಬೇಕು. ‘ರಾಯಚೂರಿಗೆ ಏಮ್ಸ್ ಕೊಡುತ್ತೀರಾ?’ ಎಂದರೆ ‘ಸದ್ಯಕ್ಕೆ ಅಂಥ ಪ್ರಸ್ತಾವವಿಲ್ಲ’ ಎಂಬ ಒಂದು ಸಾಲಿನಲ್ಲಿ ಇಲಾಖೆ ಕೈತೊಳೆದುಕೊಳ್ಳುತ್ತದೆ. ಬದಲಿಗೆ ಹೀಗೆ ಕೇಳಬಹುದು: ರಾಯಚೂರಿಗೇ ಕೊಡಿ ಎಂದು ರಾಜ್ಯ ಸರ್ಕಾರ ಬರೆದ ಪತ್ರಗಳು ಯಾವ ಯಾವ ದಿನಾಂಕದಂದು ತಲುಪಿದವು? ಅವುಗಳ ಮೇಲೆ ಏನು ಕ್ರಮವಾಯಿತು? ಹೊಸ ಏಮ್ಸ್‌ಗಳನ್ನು ಕಟ್ಟುವ ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯಲ್ಲಿ ಜಾಗದ ಆಯ್ಕೆಗೆ ಇರುವ ಮಾನದಂಡಗಳೇನು, ಅದರಲ್ಲಿ ರಾಯಚೂರು ಯಾವುದನ್ನು ಪೂರೈಸುವುದಿಲ್ಲ? ಕೇಂದ್ರವೇ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ರಾಯಚೂರನ್ನು ಸೇರಿಸಿರುವಾಗ ಆ ಹಿಂದುಳಿದಿರುವಿಕೆಗೆ ಇಲ್ಲೇನಾದರೂ ಅಂಕ ಉಂಟೋ ಇಲ್ಲವೋ? ಇವುಗಳಿಗೆ ‘ಪ್ರಸ್ತಾವವಿಲ್ಲ’ ಎಂದು ಜಾರಿಕೊಳ್ಳುವುದು ಕಷ್ಟ. ಮಂತ್ರಿ ‘ಪರಿಶೀಲನೆಯಲ್ಲಿದೆ’ ಎಂದರೆ ಇನ್ನೂ ಒಳ್ಳೆಯದು. ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂಬುದಿದೆ. ಇಂಥ ಮಾತುಗಳನ್ನು ಅದು ಭರವಸೆ ಎಂದೇ ಲೆಕ್ಕಕ್ಕೆ ಹಿಡಿದು, ಮೂರು ತಿಂಗಳೊಳಗೆ ಏನಾಯಿತೆಂದು ಇಲಾಖೆಯ ಬೆನ್ನು ಹತ್ತುತ್ತದೆ. ಗಡುವು ಮೇಲಿಂದ ಮೇಲೆ ಮುಂದಕ್ಕೆ ಹೋಗುವುದೂ ಉಂಟು. ಹೋದಾಗಲೆಲ್ಲ ಕಾರಣ ಕೊಟ್ಟು ಅವಧಿ ಕೇಳಬೇಕಾಗುತ್ತದೆ.

ಮದುರೈ ಕಡೆ ಒಮ್ಮೆ ನೋಡಿ. ಅಲ್ಲಿನ ಏಮ್ಸ್‌ಗೆ 2019ರ ಜನವರಿಯಲ್ಲಿ ಪ್ರಧಾನಿಯವರೇ ಅಡಿಗಲ್ಲು ಹಾಕಿದರು. ಆಮೇಲೆ ವರ್ಷಗಟ್ಟಲೆ ಅಲ್ಲಿದ್ದದ್ದು ಕಾಂಪೌಂಡು ಗೋಡೆ. ಮದುರೈನ ಸಿಪಿಎಂ ಸಂಸದ ಸು. ವೆಂಕಟೇಶನ್, ವಿರುದುನಗರದ ಕಾಂಗ್ರೆಸ್ ಸಂಸದ ಮಾಣಿಕಂ ಟಾಗೋರ್ ಇಬ್ಬರೂ ವಿರೋಧ ಪಕ್ಷದವರು, ಪಟ್ಟು ಬಿಡದೆ ಕೇಳುತ್ತ ಹೋದರು. ಜಪಾನಿನ ಜೈಕಾ ಸಂಸ್ಥೆಯ ಸಾಲಕ್ಕಾಗಿ ಕಾಯಲಾಗಿತ್ತು, ಆ ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಮಾರ್ಚ್‌ನಲ್ಲಿ, 1,264 ಕೋಟಿ ರೂಪಾಯಿಯ ಅಂದಾಜು 1,977 ಕೋಟಿ ದಾಟಿತು ಎಂಬ ವಿವರಗಳೆಲ್ಲ ಜನರ ಬಾಯಿಗೆ ಬಂದದ್ದು ಇಂಥ ಪ್ರಶ್ನೆಗಳಿಂದ ಮತ್ತು ಆರ್‌ಟಿಐ ಅರ್ಜಿಗಳಿಂದ. 2022ರಲ್ಲಿ ವಿದ್ಯಾರ್ಥಿಗಳ ಮೊದಲ ತಂಡ ರಾಮನಾಥಪುರದ ಸರ್ಕಾರಿ ಕಾಲೇಜಿನಲ್ಲಿ ಪಾಠ ಶುರು ಮಾಡಿತು, ಕಟ್ಟಡದ ಕೆಲಸ ಹಿಡಿದದ್ದು 2024ರಲ್ಲಿ. ಇವರಿಬ್ಬರು ಕೇಳಿದ್ದಕ್ಕೇ ಆಯಿತೆಂದು ನಾನು ಹೇಳಲಾರೆ. ತಡವಾದದ್ದು ಯಾಕೆ, ಯಾರಿಂದ ಎಂಬುದು ಮದುರೈನವರಿಗೆ ಗೊತ್ತಾಯಿತು. ರಾಯಚೂರಿನವರಿಗೆ ತಮ್ಮದು ಆಗದಿರುವುದು ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಕಡೆ ಬಲ ಕಡಿಮೆ ಇಲ್ಲ. 2024ರಲ್ಲಿ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ ಕಡೆ ಗೆದ್ದವರು ಒಂದೇ ಪಕ್ಷದವರು, ಐವರೂ ವಿರೋಧದ ಬೆಂಚಿನವರು. ನಿಮ್ಮ ಜಿಲ್ಲೆಯ ಸಿಂಧನೂರು, ಮಸ್ಕಿ ಕೊಪ್ಪಳ ಕ್ಷೇತ್ರಕ್ಕೆ ಸೇರುವುದರಿಂದ ಒಂದೇ ಜಿಲ್ಲೆಗೆ ಇಬ್ಬರು ಸಂಸದರು. ರಾಜ್ಯಸಭೆಯ ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆಯವರು ಕಲಬುರಗಿಯವರು. ಐವರೂ ಒಂದೇ ಪ್ರಶ್ನೆ ಕೊಡಬಹುದು, ಅದು ಸದನದಲ್ಲಿ ಬಂದರೆ ಉಪಪ್ರಶ್ನೆಗೆ ಐವರೂ ಕೈ ಎತ್ತಬಹುದು. ಆಳುವ ಪಕ್ಷದವರನ್ನೇಕೆ ಆರಿಸಲಿಲ್ಲ ಎಂಬುದಕ್ಕಿಂತ, ಈ ಐವರೂ ಒಟ್ಟಾಗಿ ಕೇಳಿದ್ದಾರೆಯೇ ಎಂದು ನೀವು ಅವರನ್ನು ಹಿಡಿದು ಕೇಳಬೇಕು.

ಗಲಾಟೆಯ ಬಗ್ಗೆಯೂ ಒಂದು ಮಾತು. 2023ರ ಡಿಸೆಂಬರ್‌ನಲ್ಲಿ ಎರಡೂ ಸದನಗಳಿಂದ 146 ವಿರೋಧ ಪಕ್ಷದ ಸದಸ್ಯರನ್ನು ಅಮಾನತು ಮಾಡಿದರು, ಅವರು ಕೊಟ್ಟಿದ್ದ ಪ್ರಶ್ನೆಗಳನ್ನೂ ಪಟ್ಟಿಯಿಂದ ತೆಗೆದರು. ಶಿಕ್ಷೆ ಸಂಸದರಿಗಲ್ಲ, ಆ ಪ್ರಶ್ನೆಯ ಹಿಂದಿದ್ದ ಊರುಗಳಿಗೆ. ಅದು ಸರ್ಕಾರದ ಕಡೆಯ ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ಹನ್ನೊಂದಕ್ಕೇ ಸದನದ ಬಾವಿಗಿಳಿದು ಕಲಾಪ ಮುಂದೂಡಿಸುವವರು ಸರ್ಕಾರಕ್ಕೆ ಉಪಕಾರವನ್ನೇ ಮಾಡುತ್ತಾರೆ. ಬರಹದ ಉತ್ತರ ಹೇಗೂ ಸದನದಲ್ಲಿ ಮಂಡನೆಯಾಗುತ್ತದೆ, ಹೋಗುವುದು ಉಪಪ್ರಶ್ನೆ ಮಾತ್ರ. ಮಂತ್ರಿಗೆ ಬೇಡವಾದದ್ದೂ ಅದೇ.

ಸದನದ ಹೊರಗೆ ದನಿ ಏರಿಸಿದ್ದರ ಫಲವನ್ನೂ ನೋಡಿದ್ದೇವೆ. ರಾಜ್ಯದಿಂದ 2019ರಲ್ಲಿ ಗೆದ್ದಿದ್ದ ಕಾಂಗ್ರೆಸ್‌ನ ಏಕೈಕ ಲೋಕಸಭಾ ಸದಸ್ಯ ಡಿ.ಕೆ. ಸುರೇಶ್ 2024ರ ಫೆಬ್ರವರಿಯಲ್ಲಿ ತೆರಿಗೆ ಪಾಲಿನ ಅನ್ಯಾಯದ ಬಗ್ಗೆ ಮಾತಾಡುತ್ತ, ದಕ್ಷಿಣಕ್ಕೆ ಪ್ರತ್ಯೇಕ ದೇಶ ಕೇಳಬೇಕಾದೀತೆಂಬರ್ಥದ ಮಾತಾಡಿದರು. ದೇಶ ಒಡೆಯುವ ಮಾತನ್ನು ಸಹಿಸುವುದಿಲ್ಲವೆಂದು ಖರ್ಗೆಯವರೇ ರಾಜ್ಯಸಭೆಯಲ್ಲಿ ಹೇಳಬೇಕಾಯಿತು. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 4.713ರಿಂದ ಶೇ 3.647ಕ್ಕೆ ಇಳಿದದ್ದು ನಿಜವಾದ ಸುದ್ದಿ. ಆ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡವರು ಯಾರು?

ಕನ್ನಡದ ಪ್ರಶ್ನೆಗೆ ಉತ್ತರ ಚಿಕ್ಕದು. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ದಾರಿ ಮಾಡಿದರು, ಅವರೂ ವಿರೋಧ ಪಕ್ಷದವರೇ. ಇವತ್ತು ಮುಂಚಿತವಾಗಿ ತಿಳಿಸಿದರೆ ಕನ್ನಡದ ಮಾತು ಆ ಕ್ಷಣವೇ ಅನುವಾದವಾಗಿ ಮಂತ್ರಿಯ ಕಿವಿಗೆ ಬೀಳುತ್ತದೆ. ಭಾಷೆಯ ನೆಪ ಯಾರಿಗೂ ಉಳಿದಿಲ್ಲ.

ಇನ್ನು ನೀವು ಮಾಡಬಹುದಾದದ್ದು. ಲೋಕಸಭೆಗೆ ಅರ್ಜಿಗಳ ಸಮಿತಿ ಇದೆ, ಸಂಸದರೊಬ್ಬರ ಮೇಲುಸಹಿಯಿದ್ದರೆ ನಾಗರಿಕರ ಅರ್ಜಿಯನ್ನು ಸದನದಲ್ಲಿ ಮಂಡಿಸಬಹುದು. ಸಾವಿರ ದಿನ ದಾಟಿದ ಧರಣಿಗೆ ಸಹಿಗಳ ಕೊರತೆ ಇರಲಾರದು. ಜೊತೆಗೆ ಮೇಲೆ ಬರೆದ ಪ್ರಶ್ನೆಗಳನ್ನು ಹಾಳೆಯಲ್ಲಿ ಇಳಿಸಿ, ಅಧಿವೇಶನಕ್ಕೆ ತಿಂಗಳ ಮೊದಲೇ ಇಬ್ಬರು ಸಂಸದರ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಆರೋಗ್ಯ ಇಲಾಖೆಯ ಸರದಿ ಲೋಕಸಭೆಯಲ್ಲಿ ಸಾಮಾನ್ಯವಾಗಿ ಶುಕ್ರವಾರ. ಪ್ರಶ್ನೆ, ಉತ್ತರ ಎರಡೂ ಲೋಕಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಉತ್ತರ ಬಂದರೆ ಪ್ರತಿಯನ್ನು ನಮಗೆ ಕಳಿಸಿ, ಪೂರ್ತಿಯಾಗಿ ಅಚ್ಚು ಹಾಕುತ್ತೇವೆ. ನಿಮ್ಮ ಸಂಸದರು ಪ್ರಶ್ನೆಯನ್ನೇ ಕೊಡದಿದ್ದರೆ ಆ ಸ್ವೀಕೃತಿಯ ಪ್ರತಿ ಕಳಿಸಿ. ಅದನ್ನೂ ಹಾಕುತ್ತೇವೆ.

– ಸಂಪಾದಕ