ಮನೆ ಬಾಗಿಲಿಗೇ ತರಕಾರಿ ಬರುವಾಗ ಸಂತೆಗೆ ಯಾಕೆ ಹೋಗಬೇಕು?

ಶಿವಮೊಗ್ಗಕ್ಕೆ ಹೊಸದಾಗಿ ಬಂದಿದ್ದೀರಿ, ಮೊಬೈಲಲ್ಲಿ ಒತ್ತಿದರೆ ತರಕಾರಿ ಮನೆಗೇ ಬರುತ್ತೆ, ಹೀಗಿರುವಾಗ ಸಂತೆಗೆ ಹೋಗಿ ರೈತರ ಹತ್ತಿರ ಕೊಳ್ಳುವುದರಿಂದ ನಿಜಕ್ಕೂ ಲಾಭ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ದುಡ್ಡು ಉಳಿಯುತ್ತೆ ಅನ್ನೋ ಒಂದೇ ಆಸೆಯಿಂದ ಹೋಗಬೇಡಿ. ಕೆಲವು ವಾರ ಸಂತೆಯಲ್ಲೇ ರೇಟು ಜಾಸ್ತಿ ಇರುತ್ತೆ.

ನಾನು ಹೋಗುವುದು ಅಂಗಡಿಗೆ ಬರದೇ ಇರುವ ಪದಾರ್ಥಗಳಿಗೆ. ಮಳೆಗಾಲದಲ್ಲಿ ಪತ್ರೊಡೆಗೆ ಮರಗೆಸು, ಅಂದರೆ ಮರದ ಮೇಲೆ ಬೆಳೆಯುವ ಕೆಸುವಿನ ಎಲೆ. ಮತ್ತೆ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ. ಬೇಸಿಗೆ ಶುರುವಾಗುವಾಗ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ಅದನ್ನು ಎಣಿಸಿ ನೂರಕ್ಕೆ ಇಷ್ಟು ಅಂತ ಕೊಡುತ್ತಾರೆ. ಮಾರುವವರು ಒಂದು ಮಿಡಿಯ ತೊಟ್ಟು ಮುರಿದು ಮೂಗಿನ ಹತ್ತಿರ ಹಿಡಿಯುತ್ತಾರೆ. ಸೊನೆ ಚಿಮ್ಮುತ್ತೆ, ಜೀರಿಗೆ ಮಿಡಿಯಾದರೆ ಜೀರಿಗೆಯದೇ ಪರಿಮಳ. ತೊಟ್ಟು ಇಲ್ಲದ, ಕೆಳಗೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಬರಲ್ಲ, ಬೇಗ ಮೆತ್ತಗಾಗುತ್ತೆ. ಇದನ್ನೆಲ್ಲ ನಾನು ಕಲಿತದ್ದು ಸಂತೆಯಲ್ಲೇ.

ಮೊದಲ ಸಲ ಕಳಲೆ ಕೊಂಡದ್ದು ಇನ್ನೂ ನೆನಪಿದೆ. ಜಿಟಿಜಿಟಿ ಮಳೆ. ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿಕೊಂಡು ಒಬ್ಬ ಅಜ್ಜಿ ಕೂತಿದ್ದರು. ಮುಂದೆ ಐದಾರು ಕಳಲೆ, ಎರಡು ಮೊಗೆಕಾಯಿ (ಮಂಗಳೂರು ಸೌತೆ), ಒಂದು ಹಿಡಿ ಸೂಜಿಮೆಣಸು, ಅಷ್ಟೇ. ಇವತ್ತೇ ಸಾಂಬಾರು ಮಾಡ್ತೀನಿ ಅಂದೆ. ಅಜ್ಜಿ ಕೊಟ್ಟ ಕಳಲೆಯನ್ನು ವಾಪಸ್ ಕೈಗೆ ತಗೊಂಡರು. "ಇವತ್ತೇ ಮಾಡುಕಾಗಲ್ಲ ತಂಗಿ. ಹೆಚ್ಚಿ ನೀರಿಗೆ ಹಾಕು. ದಿನಾ ಆ ನೀರು ಚೆಲ್ಲಿ ಹೊಸ ನೀರು ಹಾಕ್ಬೇಕು. ಮೂರು ದಿನ ಬಿಟ್ಟು ಮಾಡು" ಅಂದರು. ಹಸಿ ಕಳಲೆಯಲ್ಲಿ ಸಯನೈಡ್ ಆಗಿ ಬದಲಾಗುವ ವಿಷದ ಅಂಶ ಇರುತ್ತೆ, ನೆನೆಸಿ ಚೆನ್ನಾಗಿ ಬೇಯಿಸಿದರೆ ಅದು ಇಳಿದುಹೋಗುತ್ತೆ ಅಂತ ಆಮೇಲೆ ಓದಿ ತಿಳಿದೆ. ಪ್ಯಾಕೆಟ್‌ನಲ್ಲಿ ತಂದಿದ್ದರೆ ನನ್ನನ್ನು ತಡೆಯುವವರು ಯಾರಿದ್ದರು?

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ನಮ್ಮ ಕಡೆ ಅಡಿಕೆ ದುಡ್ಡು ಕೊಯ್ಲಾದ ಮೇಲೆ, ಮಂಡಿಯಿಂದ ಬರುತ್ತೆ. ಹೆಚ್ಚಿನ ಮನೆಗಳಲ್ಲಿ ಆ ಲೆಕ್ಕ ಗಂಡಸರದ್ದು. ವಾರಕ್ಕೊಮ್ಮೆ ಹೆಂಗಸರ ಕೈಗೆ ಬರುವ ದುಡ್ಡು ಅಂದರೆ ಹಿತ್ತಿಲಿನ ದುಡ್ಡು. ನಾಲ್ಕು ಕಟ್ಟು ಹರಿವೆ, ಹತ್ತು ಮೊಗೆಕಾಯಿ ಹೊತ್ತುಕೊಂಡು ಯಾರೂ ಮಂಡಿಗೆ ಹೋಗಲ್ಲ. ಹೋಗಿ ಬರುವ ಖರ್ಚೂ ಹುಟ್ಟಲ್ಲ. ಅದನ್ನು ಮಾರಲು ಇರುವುದು ಸಂತೆಯೊಂದೇ. ಕೊಳ್ಳುವವರು ಇಲ್ಲದಿದ್ದರೆ ಆ ಹಿತ್ತಿಲಿಗೂ ನಾಲ್ಕು ಅಡಿಕೆ ಸಸಿ ಬೀಳುತ್ತೆ, ತಲೆತಲಾಂತರದಿಂದ ಬೂದಿ ಹಚ್ಚಿ ಕಾಪಾಡಿದ ಮೊಗೆಬೀಜ ಅಲ್ಲಿಗೆ ಮುಗೀತು. ನನಗೆ ಇದು ಸಂಕಟದ ಮಾತು, ಅದಕ್ಕೇ ಇಷ್ಟು ಬರೆದೆ.

ಸಂತೆಯಲ್ಲಿ ಕೂತವರೆಲ್ಲ ಬೆಳೆದವರೇ ಆಗಿರಲ್ಲ, ನೋಡಿಕೊಳ್ಳಿ. ಒಂದೇ ಅಳತೆಯ ಟೊಮೆಟೊ, ಕ್ಯಾರೆಟ್, ಎಲೆಕೋಸು ಎಲ್ಲ ಗುಡ್ಡೆ ಹಾಕಿದ್ದರೆ ಅದು ಮಂಡಿಯಿಂದ ತಂದದ್ದು. ಅವರದೂ ಹೊಟ್ಟೆಪಾಡು, ತಪ್ಪೇನಿಲ್ಲ. ಬೆಳೆದವರ ಮುಂದೆ ಮೂರು ನಾಲ್ಕು ಬಗೆ ಮಾತ್ರ ಇರುತ್ತೆ, ಒಂದು ದೊಡ್ಡದು ಒಂದು ಸಣ್ಣದು. "ಯಾಕೆ ಇಷ್ಟೇ?" ಅಂದರೆ "ಮಂಗ ಬಿಟ್ಟದ್ದು ಇಷ್ಟೇ" ಅನ್ನುತ್ತಾರೆ. ಹಿತ್ತಿಲಿನದ್ದು ಅಂದ ಮಾತ್ರಕ್ಕೆ ಔಷಧಿ ಹೊಡೆದಿಲ್ಲ ಅಂತಲೂ ಅಲ್ಲ. ನೇರವಾಗಿ ಕೇಳಿ. ನನಗೆ ಹೆಚ್ಚಿನವರು ಇದ್ದದ್ದು ಇದ್ದ ಹಾಗೆ ಹೇಳಿದ್ದಾರೆ.

ಈರುಳ್ಳಿ, ಆಲೂಗಡ್ಡೆ ಎಲ್ಲಿ ಬೇಕಾದರೂ ತಗೊಳ್ಳಿ, ಅವು ಹೇಗೂ ಹೊರಗಿನಿಂದಲೇ ಬರುವುದು. ಸೊಪ್ಪು, ಬಾಳೆಕಾಯಿ, ಮೊಗೆಕಾಯಿ, ಜೋನಿ ಬೆಲ್ಲ (ಗಟ್ಟಿಯಾಗದ, ಸುರಿಯುವ ಬೆಲ್ಲ) ಮಾತ್ರ ಸಂತೆಯಲ್ಲೇ ನೋಡಿ. ಎರಡು ಕಟ್ಟು ಹರಿವೆಗೆ ಐದು ರೂಪಾಯಿ ಚೌಕಾಸಿ ಮಾಡಬೇಡಿ. ಚಿಲ್ಲರೆ, ಬಟ್ಟೆ ಚೀಲ ಇರಲಿ. ಜೋನಿ ಬೆಲ್ಲಕ್ಕೆ ಮನೆಯಿಂದಲೇ ಮುಚ್ಚಳ ಬಿಗಿ ಇರುವ ಡಬ್ಬಿ ತಗೊಂಡು ಹೋಗಿ. ಕಳಲೆ ಬೇಕಿದ್ದರೆ ಬೆಳಿಗ್ಗೆಯೇ ಹೊರಡಿ, ಹೊತ್ತೇರಿದ ಮೇಲೆ ಸಿಗಲ್ಲ.