ಮಗ್ಗುಲಾಗಿ ಮಲಗುವವರಿಗೆ ಯಾವ ಇಯರ್‌ಪ್ಲಗ್ ಆಗುತ್ತದೆ? ನನಗೆ ಬೆಳಿಗ್ಗೆ ಕಿವಿ ನೋಯುತ್ತದೆ

ಮನೆ ಮುಖ್ಯರಸ್ತೆಗೆ ಅಂಟಿಕೊಂಡಿದೆ, 33 ಡೆಸಿಬಲ್ ಅಂತ ಬರೆದಿರುವ ಫೋಮ್ ಪ್ಲಗ್ ಹಾಕಿದರೂ ಬಸ್ಸಿನ ಸದ್ದು ಕೇಳುತ್ತದೆ, ನಡುರಾತ್ರಿ ಒಂದು ಉದುರಿ ಬೀಳುತ್ತದೆ, ಮಗ್ಗುಲಾಗಿ ಮಲಗಿದ್ದಕ್ಕೆ ಬೆಳಿಗ್ಗೆ ಕಿವಿ ನೋಯುತ್ತದೆ, ಇನ್ನೂ ದುಬಾರಿಯದು ತಗೊಳ್ಳಲೇ ಅಂತ ಕೇಳಿದ್ದೀರಿ. ಬೇಡ. ಇನ್ನೂ ಮೆತ್ತನೆಯದು ತಗೊಳ್ಳಿ, ಹಾಕುವ ಕ್ರಮ ಬದಲಿಸಿ.

ಮೊದಲು ನೋವು ಎಲ್ಲಿದೆ ನೋಡಿಕೊಳ್ಳಿ. ಕಿವಿಯ ಒಳಗೆ ಒತ್ತಿದ ಹಾಗೆ ನೋಯುತ್ತಿದ್ದರೆ ಪ್ಲಗ್ ನಿಮ್ಮ ಕಿವಿನಾಳಕ್ಕೆ ದಪ್ಪವಾಯಿತು ಅಥವಾ ಬಿರುಸಾಯಿತು. ಫೋಮ್ ರಾತ್ರಿಯಿಡೀ ಹಿಗ್ಗಲು ನೋಡುತ್ತಲೇ ಇರುತ್ತದೆ. ಕಿವಿಯ ಹೊರಗಿನ ಕುಳಿ ನೋಯುತ್ತಿದ್ದರೆ ಪ್ಲಗ್ಗಿನ ತುದಿ ಹೊರಗೆ ಚಾಚಿಕೊಂಡಿದೆ, ದಿಂಬು ಅದನ್ನು ಒಳಕ್ಕೆ ನೂಕುತ್ತಿದೆ. ನೋವಿಲ್ಲದೆ ಬರೀ ತುರಿಕೆ ಇದ್ದರೆ ಕೊಳೆ ಅಥವಾ ತೇವ ಕಾರಣ ಇರಬಹುದು. ಕಿವಿ ಕಟ್ಟಿದ ಹಾಗಾಗಿ, ಪ್ಲಗ್ ತೆಗೆದ ಮೇಲೂ ಮಂದವಾಗಿ ಕೇಳಿಸಿದರೆ ಗುಗ್ಗೆ ಒಳಕ್ಕೆ ಸರಿದಿರಬಹುದು. ಆಗ ಪ್ಲಗ್ ನಿಲ್ಲಿಸಿ, ಕಿವಿ ವೈದ್ಯರ ಹತ್ತಿರ ತೆಗೆಸಿಕೊಳ್ಳಿ. ಬಡ್ಸ್ ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ.

ಪ್ಯಾಕೆಟ್ ಮೇಲಿನ ಎನ್‌ಆರ್‌ಆರ್, ಅಂದರೆ ಸದ್ದನ್ನು ಎಷ್ಟು ಡೆಸಿಬಲ್ ತಗ್ಗಿಸುತ್ತದೆ ಅನ್ನುವ ಅಂಕಿ, ಪ್ರಯೋಗಾಲಯದಲ್ಲಿ ಸರಿಯಾಗಿ ಹಾಕಿ ಅಳೆದದ್ದು. ಅಮೆರಿಕದ ಕಾರ್ಖಾನೆಗಳಲ್ಲಿ ಅದರಿಂದ 7 ಕಳೆದು, ಉಳಿದದ್ದನ್ನು ಅರ್ಧ ಮಾಡಿ ಲೆಕ್ಕ ಹಿಡಿಯುವ ರೂಢಿ ಇದೆ: 33 ಅಂತ ಬರೆದದ್ದು 13ಕ್ಕೆ ಇಳಿಯುತ್ತದೆ. ಹಾಗಾಗಿ 29ಕ್ಕೂ 33ಕ್ಕೂ ಇರುವ ವ್ಯತ್ಯಾಸಕ್ಕಿಂತ ಪ್ಲಗ್ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನುವುದೇ ದೊಡ್ಡದು. ಸಂದು ಉಳಿದರೆ ಮೊದಲು ನುಗ್ಗುವುದು ತಗ್ಗು ಸ್ವರದ ಸದ್ದು: ಬಸ್ಸಿನ ಎಂಜಿನ್, ಗೊರಕೆ, ಪಕ್ಕದ ಮನೆಯ ಸ್ಪೀಕರಿನ ಗುಂಯ್‌ಗುಡುವಿಕೆ. ಚೆನ್ನಾಗಿ ಕೂತರೂ ಇವು ಪೂರ್ತಿ ಹೋಗುವುದಿಲ್ಲ, ಒಂದಿಷ್ಟು ಮೂಳೆಯ ಮೂಲಕವೂ ಒಳಗೆ ಬರುತ್ತದೆ. ಉಳಿದದ್ದಕ್ಕೆ ಫ್ಯಾನ್ ಸದ್ದು ಸಾಕು.

ಫೋಮ್ ಪ್ಲಗ್‌ಗಳಲ್ಲಿ ಹೋವರ್ಡ್ ಲೈಟ್ ಕಂಪನಿಯ ಮ್ಯಾಕ್ಸ್ 33ರದ್ದು, ಬಿರುಸು. ಅದೇ ಕಂಪನಿಯ ಮ್ಯಾಕ್ಸ್ ಲೈಟ್ 30ರದ್ದು, ಆದರೆ ಒತ್ತಡ ಕಡಿಮೆ, ಚಿಕ್ಕ ಕಿವಿಗೆ ಹಿತ. 3ಎಂ 1100 ಅನ್ನುವ ಕಿತ್ತಳೆ ಬಣ್ಣದ್ದು 29ರದ್ದು, ತುದಿ ಸಪೂರ, ಬೆಲೆಯೂ ಅಗ್ಗ. ಮೊದಲು ಇದರಲ್ಲೇ ಪ್ರಯೋಗ ಮಾಡಿ. ದಾರ ಇರುವ 1110 ಮಲಗುವಾಗ ಬೇಡ, ನಿದ್ದೆಯಲ್ಲಿ ದಾರ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ ಇದೆ. ಮೂರು ಮಡಿಕೆಯ ರಬ್ಬರ್ ಪ್ಲಗ್‌ಗಳಿಗೆ ಕಡ್ಡಿಯಂಥ ಹಿಡಿ ಇರುತ್ತದೆ. ಮಗ್ಗುಲಾಗಿ ಮಲಗುವವರ ಮಟ್ಟಿಗೆ ಅದು ಶಿಕ್ಷೆ.

ಈಗ ಹಾಕುವ ಕ್ರಮ, ಏಕೆಂದರೆ ಉದುರುವ ರೋಗಕ್ಕೆ ಮದ್ದು ಇಲ್ಲೇ ಇದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಪ್ಲಗ್ಗನ್ನು ದೀಪದ ಬತ್ತಿ ಹೊಸೆದ ಹಾಗೆ ಬೆರಳ ತುದಿಯಲ್ಲಿ ನಿಧಾನವಾಗಿ ಹೊಸೆಯಿರಿ. ಹಿಚುಕಿದರೆ ಸುಕ್ಕು ಬೀಳುತ್ತದೆ, ಆ ಸುಕ್ಕಿನಲ್ಲೇ ಸದ್ದು ಹಾದುಬರುತ್ತದೆ. ಬಲಗಿವಿಗಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿನಾಳ ಸೊಟ್ಟ ಇರುತ್ತದೆ, ಎಳೆದಾಗ ನೇರವಾಗುತ್ತದೆ. ಬಲಗೈಯಿಂದ ಕೂಡಲೇ ಒಳಗಿಟ್ಟು, ಬೆರಳ ತುದಿ ಒತ್ತಿ ಮೂವತ್ತು ಎಣಿಸಿ. ಬಹುಪಾಲು ಜನ ಇಲ್ಲಿ ಐದಕ್ಕೇ ಕೈ ಬಿಡುತ್ತಾರೆ. ಫೋಮ್ ಹಿಗ್ಗುತ್ತ ಹಿಂದಕ್ಕೆ ಸರಿದು ಅರ್ಧ ಹೊರಗೆ ನಿಲ್ಲುತ್ತದೆ, ನೀವು ಹೊರಳಿದಾಗ ಬೀಳುತ್ತದೆ. ಕೊನೆಗೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಿ. ಸದ್ದು ಇನ್ನಷ್ಟು ಇಳಿಯಿತು ಅಂದರೆ ಪ್ಲಗ್ ಕೂತಿಲ್ಲ, ತೆಗೆದು ಮತ್ತೆ ಹಾಕಿ.

ಸರಿಯಾಗಿ ಕೂತ ಮೇಲೂ ತುದಿ ಕಿವಿಯ ಕುಳಿಯಿಂದ ಆಚೆ ಬರುತ್ತಿದ್ದರೆ, ಹೊಸೆಯುವ ಮುಂಚೆ ಅದರ ಚಪ್ಪಟೆ ತುದಿಯನ್ನು ಹರಿತ ಕತ್ತರಿಯಿಂದ 3 ಮಿ.ಮೀ. ಕತ್ತರಿಸಿ. ಅದಕ್ಕಿಂತ ಹೆಚ್ಚು ಬೇಡ, ಬೆಳಿಗ್ಗೆ ಹಿಡಿದು ತೆಗೆಯಲು ಚಿವುಟುವಷ್ಟಾದರೂ ಉಳಿಯಬೇಕು. ಒಂದು ಟವೆಲ್ಲನ್ನು ಕೊಡದ ಕೆಳಗಿನ ಸಿಂಬೆಯ ಹಾಗೆ ಸುತ್ತಿ, ಕಿವಿ ಅದರ ನಡುವಿನ ತೂತಿಗೆ ಬರುವ ಹಾಗೆ ಮಲಗಿದರೂ ಒತ್ತಡ ತಪ್ಪುತ್ತದೆ.

ಫೋಮ್ ಏನೇ ಮಾಡಿದರೂ ಒಗ್ಗದಿದ್ದರೆ ಸಿಲಿಕೋನ್ ಉಂಡೆ ನೋಡಿ, ಮ್ಯಾಕ್ಸ್ (Mack's, ಇದು ಬೇರೆ ಕಂಪನಿ) ಪಿಲ್ಲೋ ಸಾಫ್ಟ್ ಥರದ್ದು. ಇದು 22ರದ್ದು, ಸದ್ದು ತುಸು ಹೆಚ್ಚು ಕೇಳುತ್ತದೆ, ಆದರೆ ಒಳಗೆ ಏನೂ ಹೋಗುವುದಿಲ್ಲ. ನಾದಿದ ಹಿಟ್ಟಿನಂತೆ ತಟ್ಟಿ, ಕಿವಿಬಾಯಿಯ ಮೇಲೆ ಮುಚ್ಚಳದ ಹಾಗೆ ಅಂಟಿಸಬೇಕು, ನಾಳದೊಳಗೆ ತುರುಕಬಾರದು. ತಲೆಗೆ ಎಣ್ಣೆ ಹಚ್ಚಿದ ರಾತ್ರಿ ಅಂಟುವುದಿಲ್ಲ, ಬಿಡಿ. ಬರೀ ಹತ್ತಿ ಉಂಡೆ ಸದ್ದನ್ನು ಹೆಚ್ಚೇನೂ ತಡೆಯುವುದಿಲ್ಲ. 1907ರಲ್ಲಿ ಶುರುವಾದ ಜರ್ಮನಿಯ ಓರೋಪಾಕ್ಸ್ ಉಂಡೆಯಲ್ಲೂ ಹತ್ತಿ ಇದೆ, ಆದರೆ ಕೆಲಸ ಮಾಡುವುದು ಅದರ ಮೇಣ.

ತೆಗೆಯುವಾಗ ತಿರುಗಿಸುತ್ತ ನಿಧಾನ ತೆಗೆಯಿರಿ. ಗಕ್ಕನೆ ಎಳೆದರೆ ಒಳಗೆ ಗಾಳಿಯ ಸೆಳೆತವಾಗಿ ಕಿವಿಯ ತಮಟೆ ನೋಯುತ್ತದೆ. ಫೋಮ್ ತೊಳೆಯುವ ವಸ್ತುವಲ್ಲ, ಮೂರ್ನಾಲ್ಕು ರಾತ್ರಿಗೆ ಅಥವಾ ಹೊಸೆದರೆ ಹಿಗ್ಗದಂತಾದಾಗ ಎಸೆಯಿರಿ. ಕಿವಿ ಸೋರುತ್ತಿದ್ದರೆ, ತಮಟೆಯಲ್ಲಿ ತೂತಿದ್ದರೆ ಯಾವುದನ್ನೂ ಹಾಕಬೇಡಿ. ಕಿವಿಯಲ್ಲಿ ಗುಯ್ ಅನ್ನುವ ತೊಂದರೆ ಮೊದಲೇ ಇದ್ದವರಿಗೆ ಹೊರಗಿನ ಸದ್ದು ನಿಂತ ಮೇಲೆ ಅದೇ ಜೋರಾಗಿ ಕೇಳಿಸಬಹುದು. ಮನೆಯಲ್ಲಿ ಕೂಸೋ ವಯಸ್ಸಾದವರೋ ಇದ್ದರೆ ಮೇಲುಗಡೆ ಬರುವ ಒಂದೇ ಕಿವಿಗೆ ಹಾಕಿ, ಕೆಳಗಿನದನ್ನು ದಿಂಬು ಅಷ್ಟಿಷ್ಟು ಮುಚ್ಚುತ್ತದೆ. ಅಲಾರಂಗೆ ವಾಚಿನ ವೈಬ್ರೇಷನ್ ಇಟ್ಟುಕೊಳ್ಳಿ, ಮೊದಲ ದಿನ ರಜೆಯ ಹಿಂದಿನ ರಾತ್ರಿ ಪರೀಕ್ಷಿಸಿ.